ಹೆಸರಿನ ಪಕ್ಕದ ಅಕ್ಷರಗಳು

ಅಮೆರಿಕಕ್ಕೆ ಬಂದು ನಾಲ್ಕು ತಿಂಗಳು, ಜೊತೆಗಿರುವ ಅತ್ತೆಯವರಿಗೆ ಕೈ ನಡುಗುತ್ತಿದೆ, ನ್ಯೂರಾಲಜಿ ಕ್ಲಿನಿಕ್ಕಿನ ಪಟ್ಟಿಯಲ್ಲಿ ಒಬ್ಬರಿಗೆ ಎಂ.ಡಿ., ಇನ್ನೊಬ್ಬರಿಗೆ ಡಿ.ಒ., ಮತ್ತಿಬ್ಬರಿಗೆ ಎನ್.ಪಿ., ಪಿ.ಎ. ಅಂತಿದೆ, 'ಇವರಲ್ಲಿ ನಿಜವಾದ ಡಾಕ್ಟರ್ ಯಾರು' ಎಂದು ಕೇಳಿದ್ದೀರಿ. ಹದಿನೇಳು ವರ್ಷದ ಹಿಂದೆ ಅಮ್ಮನನ್ನು ಕರೆಸಿಕೊಂಡಾಗ ನನಗೂ ಇದೇ ಅನುಮಾನ ಬಂದಿತ್ತು. ನಾನು ಯಾರನ್ನೂ ಕೇಳಲಿಲ್ಲ.

ಇನ್ಶೂರೆನ್ಸ್ ಬಗ್ಗೆ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ಕನ್ನಡದ ದುಭಾಷಿ ಬೇಕಿದ್ದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ.

ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ 3 ವರ್ಷ ಓದಿದರೆ ಎಂ.ಡಿ., ಅದರ ಮೇಲೆ ಇನ್ನೂ 3 ವರ್ಷ ಓದಿದರೆ ಡಿ.ಎಂ., ಆಗ ನರರೋಗ ತಜ್ಞರು. ಇಲ್ಲಿ ಎಂ.ಡಿ. ಎಂದರೆ ಮೊದಲ ವೈದ್ಯಪದವಿ, ನಮ್ಮ ಎಂಬಿಬಿಎಸ್ ಇದ್ದ ಹಾಗೆ. ಡಿ.ಒ. ಕೂಡ ಅದೇ ಮಟ್ಟದ್ದು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ತೆರೆದ ಆಸ್ಟಿಯೋಪಥಿ (ಮೂಳೆ-ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವ ಪದ್ಧತಿ) ಶಾಲೆಯಿಂದ ಬೆಳೆದ ಪರಂಪರೆ ಅದು. ಇವತ್ತು ಔಷಧಿ ಬರೆಯುವುದರಲ್ಲಾಗಲಿ ಶಸ್ತ್ರಚಿಕಿತ್ಸೆಯಲ್ಲಾಗಲಿ ಇಬ್ಬರಿಗೂ ಸಮಾನ ಅಧಿಕಾರ. ನ್ಯೂರಾಲಜಿಸ್ಟ್ ಆಗಲು ಇಬ್ಬರೂ ಮತ್ತೆ 4 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ, ಮಾಡಲೇಬೇಕು. ಎನ್.ಪಿ. ಎಂದರೆ ನರ್ಸ್ ಪ್ರಾಕ್ಟೀಷನರ್, ನರ್ಸಿಂಗ್ ಓದಿ ಮುಂದೆ ಹೆಚ್ಚಿನ ಪದವಿ ಪಡೆದವರು. ಪಿ.ಎ. ಎಂದರೆ ಫಿಸಿಶಿಯನ್ ಅಸಿಸ್ಟೆಂಟ್, ವೈದ್ಯರ ಜೊತೆ ಕೆಲಸ ಮಾಡುವವರು; ಆ ತರಬೇತಿ 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಎನ್.ಪಿ., ಪಿ.ಎ. ಇಬ್ಬರೂ ನ್ಯೂರಾಲಜಿಸ್ಟ್‌ಗಳಲ್ಲ, ಆದರೆ ರೋಗಿಯನ್ನು ಪರೀಕ್ಷಿಸುತ್ತಾರೆ, ಔಷಧಿಯನ್ನೂ ಬರೆಯುತ್ತಾರೆ.

ನನಗೆ ಇದೊಂದೂ ಗೊತ್ತಿರಲಿಲ್ಲ. ಅಮ್ಮನಿಗೆ ಎರಡು ವಾರದಲ್ಲೇ ಒಬ್ಬ ಡಿ.ಒ. ಸಿಗುತ್ತಾರೆ ಎಂದು ಕ್ಲಿನಿಕ್ಕಿನವರು ಹೇಳಿದರು. ನಮ್ಮಮ್ಮನಿಗೆ ಎಂ.ಡಿ.ಯೇ ಬೇಕು ಎಂದು ಹಟ ಹಿಡಿದೆ. ಅಮ್ಮನಿಗೆ ದೊಡ್ಡ ಡಾಕ್ಟರನ್ನೇ ತೋರಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ. ಐದು ತಿಂಗಳು ಕಾದೆವು. ಕೊನೆಗೆ ಸಿಕ್ಕ ಎಂ.ಡಿ. ತಾಳ್ಮೆಯಿಂದ ನೋಡಿದರು, ತಾವು ಫೆಲೋಶಿಪ್ (ರೆಸಿಡೆನ್ಸಿ ಆದಮೇಲಿನ ವಿಶೇಷ ತರಬೇತಿ) ಮಾಡಿದ್ದು ಅಪಸ್ಮಾರದಲ್ಲಿ, ಇದು ಪಾರ್ಕಿನ್ಸನ್ ಇರಬಹುದು, ಅದರಲ್ಲಿ ಪಳಗಿದವರು ನಮ್ಮಲ್ಲೇ ಇದ್ದಾರೆ ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕೂತಿದ್ದವರು ನಾನು ಬೇಡವೆಂದ ಅದೇ ಡಿ.ಒ.

ಅಮ್ಮ ದಿನಾ ಒಂದು ನೋಟ್‌ಬುಕ್ಕಿನಲ್ಲಿ ಏನಾದರೂ ಬರೆಯುತ್ತಿದ್ದಳು. ಆ ಡಿ.ಒ. ಅದನ್ನು ತೆಗೆದು ನೋಡಿದರು. ಆ ಐದು ತಿಂಗಳ ಹಾಳೆಗಳಲ್ಲಿ ಅಕ್ಷರ ವಾರವಾರಕ್ಕೂ ಕುಗ್ಗಿತ್ತು. ಕೊನೆಕೊನೆಗೆ ಒತ್ತಕ್ಷರಗಳು ಚುಕ್ಕೆಗಳಂತಾಗಿದ್ದವು. ಪಾರ್ಕಿನ್ಸನ್ನಿನ ಆ ಲಕ್ಷಣ ಕನ್ನಡ ಬಾರದ ಅವರಿಗೆ ಕಂಡಿತು. ಒಂದೇ ಮನೆಯಲ್ಲಿದ್ದ ನನಗೆ ಕಂಡಿರಲಿಲ್ಲ. ಪಾರ್ಕಿನ್ಸನ್ನಿಗೆ ಕೊಡುವ ಲೆವೊಡೋಪ ಎಂಬ ಔಷಧಿ ಶುರುಮಾಡಿದ ಕೆಲವು ವಾರಕ್ಕೆ ಅಕ್ಷರ ಮತ್ತೆ ಅಗಲವಾಯಿತು. ಅಮ್ಮ ಈಗಿಲ್ಲ. ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ, ಆ ಹಾಳೆಗಳನ್ನು ಮಾತ್ರ ತಿರುವಿ ನೋಡಲು ಇನ್ನೂ ಆಗುವುದಿಲ್ಲ.

ಹಾಗಾಗಿ ಪದವಿಗಿಂತ ಮೊದಲು ಫೆಲೋಶಿಪ್ ಯಾವುದರಲ್ಲಿ ಎಂದು ಕೇಳಿ. ನಡುಕಕ್ಕೆ 'ಮೂವ್‌ಮೆಂಟ್ ಡಿಸಾರ್ಡರ್ಸ್' (ಚಲನೆಯ ತೊಂದರೆಗಳು) ಫೆಲೋಶಿಪ್ ಮಾಡಿದವರು ಬೇಕು. ಅವರ ದಿನಾಂಕ ದೂರವಿದ್ದು ಎನ್.ಪಿ. ಮೊದಲೇ ಸಿಕ್ಕರೆ ಬೇಡವೆನ್ನಬೇಡಿ, ಎರಡೂ ಅಪಾಯಿಂಟ್‌ಮೆಂಟ್ ಹಿಡಿದಿಟ್ಟುಕೊಳ್ಳಿ. ನಡುಕವೆಲ್ಲ ಪಾರ್ಕಿನ್ಸನ್ ಅಲ್ಲ, ಅತ್ತೆಯವರನ್ನು ಹೆದರಿಸಬೇಡಿ. ಇವತ್ತೇ ಅವರ ಕೈಯಲ್ಲಿ ನಾಲ್ಕು ಸಾಲು ಬರೆಸಿ, ತಾರೀಖು ಹಾಕಿಟ್ಟು, ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಿ.