ಹೊಸ ವಾಷರ್ ಹಾಕಿದರೂ ನಲ್ಲಿ ತೊಟ್ಟಿಕ್ಕುತ್ತಿದ್ದರೆ

ವಾಷರ್ ಹಾಕಿ ಹದಿನೈದೇ ದಿನಕ್ಕೆ ಮತ್ತೆ ಸೋರುತ್ತಿದೆ, ಬೋರ್‌ವೆಲ್ ನೀರು ಎಂದಿದ್ದೀರಿ. ಹಾಗಿದ್ದರೆ ಮೊದಲು ನೋಡಬೇಕಾದ್ದು ವಾಷರ್ ಅಲ್ಲ, ಅದು ಕೂರುವ ಹಿತ್ತಾಳೆಯ ಸೀಟು. ಗಡಸು ನೀರಿನ ಸುಣ್ಣ ಅಲ್ಲಿ ಕಟ್ಟಿಕೊಂಡು ವಾಷರಿನ ರಬ್ಬರನ್ನು ಕೊರೆಯುತ್ತದೆ.

ನಲ್ಲಿಗೆ ಬರುವ ನೀರನ್ನು ತಡೆಯುವ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಉಳಿದ ನೀರು ಬಿಟ್ಟುಬಿಡಿ. ಸ್ಪಿಂಡಲ್ (ಹಿಡಿಯೊಂದಿಗೆ ತಿರುಗುವ ಕಡ್ಡಿ) ಇರುವ ಮೇಲ್ಭಾಗವನ್ನು ಸ್ಪ್ಯಾನರ್‌ನಿಂದ ಬಿಚ್ಚಿ, ಒಳಗಿನ ಸೀಟಿನ ಮೇಲೆ ಕಿರುಬೆರಳು ಆಡಿಸಿ. ತರಿತರಿ ಅನ್ನಿಸಿದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಒತ್ತಿಟ್ಟು, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸ್ಕ್ರೂಡ್ರೈವರ್‌ನಿಂದ ಕೆರೆಯಲೇಬೇಡಿ, ಸೀಟಿಗೆ ಗೀರು ಬಿದ್ದರೆ ಯಾವ ವಾಷರ್ ಹಾಕಿದರೂ ನೀರು ನಿಲ್ಲದು. ಉಗುರಿಗೆ ಸಿಗುವಂಥ ಗೀರು ಈಗಾಗಲೇ ಇದ್ದರೆ ಸೀಟ್ ಕಟರ್ ಇರುವ ಪ್ಲಂಬರ್‌ನಿಂದ ನುಣುಪು ಮಾಡಿಸಿ, ಇಲ್ಲವೇ ನಲ್ಲಿಯನ್ನೇ ಬದಲಿಸಿ.

ಹಳೆಯ ವಾಷರ್ ಅನ್ನು ಅಂಗಡಿಗೆ ಒಯ್ದು ಅಳತೆ ಹೋಲಿಸಿಯೇ ಹೊಸದು ತನ್ನಿ. ಇನ್ನೊಂದು ಮುಖ್ಯ ವಿಷಯ: ಮೇಲ್ಭಾಗ ಮತ್ತೆ ಬಿಗಿಯುವಾಗ ಹಿಡಿ ತೆರೆದ ಸ್ಥಿತಿಯಲ್ಲಿರಲಿ. ಮುಚ್ಚಿಟ್ಟು ಬಿಗಿದರೆ ವಾಷರ್ ಸೀಟಿಗೆ ತಿಕ್ಕಿ ಅಲ್ಲೇ ಹರಿದುಹೋಗುತ್ತದೆ. ನಿಮ್ಮದು ಬೇಗ ಹಾಳಾಗಲು ಇದೂ ಕಾರಣವಿರಬಹುದು. ನೀರು ನಿಂತ ಮೇಲೂ ಜೋರಾಗಿ ತಿರುಗಿಸುವ ಅಭ್ಯಾಸ ಮನೆಯವರೆಲ್ಲ ಬಿಡಬೇಕು, ರಬ್ಬರ್ ಜಜ್ಜಿಹೋಗುವುದೇ ಅದರಿಂದ.

ಅಂದಹಾಗೆ, ಕಾಲು ಸುತ್ತಿಗೇ ತೆರೆಯುವ ನಲ್ಲಿಗಳಲ್ಲಿ ಸಾಮಾನ್ಯವಾಗಿ ಇರುವುದು ರಬ್ಬರ್ ವಾಷರ್ ಅಲ್ಲ, ಸೆರಾಮಿಕ್ ಡಿಸ್ಕ್ (ಪಿಂಗಾಣಿ ಬಿಲ್ಲೆ). ಅಲ್ಲಿ ಇಡೀ ಸ್ಪಿಂಡಲ್ ಬದಲಿಸಬೇಕು.