ಪ್ರಶ್ನಾವಳಿ ಅಚ್ಚಾದ ಮೇಲೆ ಊರಿಗೆ ಬಂದರೆ ಹೇಗೆ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಎಚ್‌ಐವಿ ತಡೆ ಕುರಿತು ಅಧ್ಯಯನ ಮಾಡುತ್ತಿದ್ದೇವೆ. ಪಂಚಾಯಿತಿ ಅಧ್ಯಕ್ಷರ ಅನುಮತಿ ಪಡೆದು, ಆಶಾ ಕಾರ್ಯಕರ್ತೆಯರ ಜೊತೆ ಮನೆಮನೆಗೆ ಹೋದರೂ ಜನ ಬಾಯಿ ಬಿಡುತ್ತಿಲ್ಲ. ಸಹಕಾರ ಪಡೆಯುವುದು ಹೇಗೆ?
– ಸಮಾಜಕಾರ್ಯ ವಿದ್ಯಾರ್ಥಿಗಳು, ರಾಯಚೂರು

ಉತ್ತರ: ಡಿಸೆಂಬರ್ 1ರ ಏಡ್ಸ್ ದಿನ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನನಗೆ ಸಿಟ್ಟೂ ಬರುತ್ತದೆ. ಅದೇ ಓಣಿಯ ಆಶಾ ಅಕ್ಕ ಎದುರಿಗಿದ್ದು, ಅತ್ತೆ ಕಟ್ಟೆ ಮೇಲೆ ಕೂತಿರುವಾಗ, ಗುಳೆ ಹೋಗಿ ಬಂದ ಗಂಡನ ವಿಷಯವನ್ನು ಯಾವ ಹೆಣ್ಣುಮಗಳು ಮಾತಾಡಿಯಾಳು? ಅಧ್ಯಕ್ಷರ ಅನುಮತಿ ಊರೊಳಗೆ ಕಾಲಿಡಲಷ್ಟೇ ಸಾಕು. 2017ರ ಎಚ್‌ಐವಿ–ಏಡ್ಸ್ ಕಾಯ್ದೆಯ ಪ್ರಕಾರ ಸೋಂಕಿತರನ್ನು ಸಂಶೋಧನೆಗೆ ಒಳಪಡಿಸಲೂ ಅವರವರು ತಿಳಿದು ಕೊಟ್ಟ ಒಪ್ಪಿಗೆಯೇ ಬೇಕು.

ನೀವು ಸಹಕಾರ ಕೇಳುವ ಹೊತ್ತಿಗೆ ಪ್ರಶ್ನಾವಳಿ ಅಚ್ಚಾಗಿರುತ್ತದೆ. ತಪ್ಪಿರುವುದು ಅಲ್ಲೇ. ಕಾಂಬೋಡಿಯಾದಲ್ಲಿ ಎಚ್‌ಐವಿ ತಡೆಗೆ ಟೆನೊಫೊವಿರ್ ಮಾತ್ರೆಯ ಪ್ರಯೋಗ 2004ರಲ್ಲಿ ನಿಂತೇಹೋಯಿತು. ಅಡ್ಡಪರಿಣಾಮವಾದರೆ ಮುಂದೆ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಪ್ರಯೋಗಕ್ಕೆ ಒಳಗಾಗಬೇಕಿದ್ದ ಲೈಂಗಿಕ ಕಾರ್ಯಕರ್ತೆಯರು ಕೇಳಿದ್ದರು. ಆ ಮಾತ್ರೆ ಸೋಂಕು ತಡೆಯುತ್ತದೆಂದು ಮುಂದೆ ಬೇರೆ ಕಡೆ ಸಾಬೀತಾಯಿತು!

ಆದ್ದರಿಂದ ಮೊದಲು ಸೋಂಕಿತರ ಸಂಘದವರು, ಲೈಂಗಿಕ ಕಾರ್ಯಕರ್ತೆಯರು, ಗುಳೆ ಹೋಗುವ ಕುಟುಂಬದವರ ಜೊತೆ ಕೂತುಕೊಳ್ಳಿ. ಏನು ಕೇಳಬೇಕು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಅವರೇ ಹೇಳಲಿ. ಭತ್ತ ನಾಟಿಯ ದಿನ ಸಭೆ ಕರೆದರೆ ಬಂದವರ ಕೂಲಿ ಹೋಗುತ್ತದೆ, ಅದನ್ನು ನಿಮ್ಮ ಬಜೆಟ್ಟಿನಲ್ಲೇ ಇಡಿ.

ಮುಜುಗರದ ಪ್ರಶ್ನೆಗಳಿಗೆ ನಮ್ಮ ರಾಜ್ಯದಲ್ಲೇ ಬಳಸಿದ ಮತಗಟ್ಟೆ ಮಾದರಿಯ ಸಮೀಕ್ಷೆ ಇದೆ. ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ, ಒಬ್ಬೊಬ್ಬರಿಗೂ ಮರೆ ಕಟ್ಟಿ ಕೂರಿಸುತ್ತಾರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಂತೆ ಅದರ ಸಂಖ್ಯೆಯ ಚೀಟಿಯನ್ನು ‘ಹೌದು’ ಇಲ್ಲವೇ ‘ಇಲ್ಲ’ ಡಬ್ಬಿಗೆ ಹಾಕಬೇಕು. ಡಬ್ಬಿಗೆ ಬೇರೆ ಬೇರೆ ಬಣ್ಣ, ಹಾಗಾಗಿ ಓದು ಬಾರದವರಿಗೂ ತೊಡಕಿಲ್ಲ. ಹೆಸರು, ಸಹಿ ಏನೂ ಬೇಡ. ಎಲ್ಲರ ಚೀಟಿ ಬೆರೆಸಿ ಎಣಿಸಿದ ಮೇಲೆ ಲೆಕ್ಕವನ್ನು ಆ ಗುಂಪಿನ ಮುಂದೆಯೇ ಇಡಿ, ಅದರ ಅರ್ಥವನ್ನು ಅವರಿಂದಲೇ ಕೇಳಿ. ವರದಿಯನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಊರಿನ ಕಡೆ ತಲೆ ಹಾಕದವರನ್ನು ಮುಂದಿನ ಸಲ ಜನ ನಂಬುವುದಿಲ್ಲ.

ಪ್ರಶ್ನೆ: ಸೋಂಕಿತರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿದರೆ ಊರು ಎಚ್ಚೆತ್ತುಕೊಳ್ಳುವುದಿಲ್ಲವೇ?
– ಓದುಗರು, ಕುಷ್ಟಗಿ

ಉತ್ತರ: ಅದು ಕಾನೂನುಬಾಹಿರ. ಓದಿದ ಮರುದಿನದಿಂದ ಪರೀಕ್ಷೆಗೆ ಯಾರೂ ಬರುವುದಿಲ್ಲ.

ಪ್ರಶ್ನೆ: ಸೊಳ್ಳೆ ಕಡಿತದಿಂದ ಎಚ್‌ಐವಿ ಬರುತ್ತದೆಯೇ?
– ಓದುಗರು, ಗಂಗಾವತಿ

ಉತ್ತರ: ಬರುವುದಿಲ್ಲ.

ಪ್ರಶ್ನೆ: ನಮ್ಮೂರಿನ ಒಬ್ಬರು ಎಚ್‌ಐವಿ ಬುಡಸಮೇತ ಕೀಳುವ ಬೇರು ಕೊಡುತ್ತಾರೆ. ಅದರ ಮೇಲೂ ಸಂಶೋಧನೆ ಆಗಬಾರದೇ?
– ಓದುಗರು, ಸಿರುಗುಪ್ಪ

ಉತ್ತರ: ಬೇರು ನಂಬಿ ಮಾತ್ರೆ ಬಿಟ್ಟವರ ಜೀವ ಹೋಗುತ್ತದೆ. ಇಂಥ ಬೇರು ಕೊಡುವವರನ್ನು ಊರೊಳಗೆ ಸೇರಿಸಬೇಡಿ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ 2004ರಿಂದಲೂ ಉಚಿತ. ಒಂದು ದಿನವೂ ತಪ್ಪಿಸಬಾರದು. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ.