ತೋಟದ ಮನೆಗೆ ಅಲಾರಂ, ಕ್ಯಾಮೆರಾ ಹಾಕಿಸಿದರೆ ನಿಶ್ಚಿಂತೆಯಾಗಿ ಇರಬಹುದಾ?

ಸಕಲೇಶಪುರದಿಂದ ಒಳಗಿನ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ನಾನು ಬೆಂಗಳೂರಿನಲ್ಲಿ, ಅಲಾರಂ ಮತ್ತು ನಾಲ್ಕು ಕ್ಯಾಮೆರಾ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಇದೇ ಕೆಲಸ ಮಾಡುವವನು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ಮನೆಗಳಿಗೆ ಇನ್ವರ್ಟರ್, ಅಲಾರಂ, ಕ್ಯಾಮೆರಾ ಹಾಕಿಕೊಡುತ್ತೇನೆ. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡು ಕೊಡುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಸೈರನ್ ಹೊಡೆದರೆ ಆ ಮನೆಗೆ ಯಾರು ಬರುತ್ತಾರೆ?

ಅಲಾರಂ ಕಳ್ಳನನ್ನು ಹಿಡಿದು ನಿಲ್ಲಿಸುವುದಿಲ್ಲ. ಸುದ್ದಿ ಮುಟ್ಟಿಸುತ್ತದೆ, ಅಷ್ಟೇ. ನಮ್ಮ ಕಡೆ ಮನೆಗಳಿಗೆ ಹಾಕುವ ಅಲಾರಂಗಳಿಗೆ ಸಾಮಾನ್ಯವಾಗಿ ಪೊಲೀಸ್ ಠಾಣೆಯ ಜೊತೆ ನೇರ ಸಂಪರ್ಕ ಇರುವುದಿಲ್ಲ. ಸೈರನ್ ಕೂಗುತ್ತದೆ, ನಿಮ್ಮ ಮೊಬೈಲಿಗೆ ಕರೆ ಬರುತ್ತದೆ. ಆಮೇಲಿನದೆಲ್ಲ ಮನುಷ್ಯರ ಕೆಲಸ. ನೀವು 112ಕ್ಕೆ ಫೋನ್ ಮಾಡಿ ತಾಲ್ಲೂಕು, ಊರು, ಎಸ್ಟೇಟ್ ಹೆಸರು, ಯಾವ ತಿರುವು ಅಂತ ಹೇಳಬೇಕು. ಗಾಡಿ ಹೊರಟು, ಆ ಮಣ್ಣು ರಸ್ತೆ ಹಿಡಿದು ಬರಬೇಕು. ಪೊಲೀಸರು ಎಷ್ಟೇ ಬೇಗ ಹೊರಟರೂ ದೂರ ಕಡಿಮೆಯಾಗುವುದಿಲ್ಲ, ಅಲ್ವಾ?

ಅಕ್ಕಪಕ್ಕದ ತೋಟದವರು ಓಡಿ ಬರುತ್ತಾರೆ ಅಂತಲೂ ಲೆಕ್ಕ ಹಾಕಬೇಡಿ. ನಿಮ್ಮ ಕಡೆ ಆನೆಗಳು ಕಾಫಿ ತೋಟದೊಳಗೇ ಓಡಾಡಿಕೊಂಡಿರುತ್ತವೆ. ಕತ್ತಲಾದ ಮೇಲೆ ಯಾರೂ ನಡೆದು ಹೊರಗೆ ಬರುವುದಿಲ್ಲ, ಬರಲೂಬಾರದು. ಪಕ್ಕದವರ ಹತ್ತಿರ ಜೀಪ್ ಇದೆಯಾ, ರಾತ್ರಿ ಫೋನ್ ಎತ್ತುತ್ತಾರಾ ಅನ್ನುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಪ್ರಕಾರ ನಿಮ್ಮ ಮನೆಗೆ ಮೊದಲು ತಲುಪುವವರು ಲೈನ್ ಮನೆಯವರು, ಅಂದರೆ ತೋಟದ ಸಾಲು ಮನೆಗಳಲ್ಲಿ ಇರುವ ಕೆಲಸಗಾರರು. ಅವರ ಫೋನ್ ನಂಬರು ಅಲಾರಂಗೆ ಹಾಕಿಸಿ. ಅವರ ಮನೆ ಬಾಗಿಲಿಗೇ ತಿರುಗಿಸಿ ಕ್ಯಾಮೆರಾ ಇಡಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅನುಮಾನಿಸಿದವರ ಹತ್ತಿರವೇ ಸಹಾಯ ಕೇಳುವುದು ಹೇಗೆ?

ಸೈರನ್ ಡಬ್ಬದ ಮೇಲೆ 110 ಡೆಸಿಬಲ್ ಅಂತ ಬರೆದಿರುತ್ತದೆ. ಅದು ಸಾಮಾನ್ಯವಾಗಿ ಒಂದು ಮೀಟರ್ ದೂರದ ಲೆಕ್ಕ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಅಂದರೆ 100 ಮೀಟರ್ ಆಚೆ, ಏನೂ ಅಡ್ಡವಿಲ್ಲದ ಬಯಲಿನಲ್ಲೇ, 70ಕ್ಕೆ ಬಂದಿರುತ್ತದೆ. ನಿಮ್ಮದು ಬಯಲಲ್ಲ. ಸಿಲ್ವರ್ ಓಕ್, ಕಾಫಿ ಗಿಡ, ದಿಣ್ಣೆ, ಮೇಲಿಂದ ಶೀಟಿನ ಮೇಲೆ ಬೀಳುವ ಮಳೆಯ ಸದ್ದು. ಅರ್ಧ ಕಿಲೋಮೀಟರ್ ಆಚೆಯವರಿಗೆ ಮಳೆಗಾಲದಲ್ಲಿ ಕೇಳಿಸುತ್ತದೆ ಅಂತ ನಾನಂತೂ ಭರವಸೆ ಕೊಡುವುದಿಲ್ಲ. ಒಂದು ಸೈರನ್ ಲೈನ್ ಮನೆಯ ಹತ್ತಿರವೇ ಇರಲಿ.

ಇನ್ನು ಸೆನ್ಸರ್. ಬಾಗಿಲಿಗೆ ಹಾಕುವ ಮ್ಯಾಗ್ನೆಟ್ ಸೆನ್ಸರ್‌ಗೆ ಗೊತ್ತಾಗುವುದು ಬಾಗಿಲು ತೆರೆದದ್ದು ಮಾತ್ರ. ಹಳೇ ಮಂಗಳೂರು ಹೆಂಚಿನ ಮನೆಯಾದರೆ ಕಳ್ಳನಿಗೆ ಬಾಗಿಲೇ ಬೇಕಿಲ್ಲ. ನಾಲ್ಕು ಹೆಂಚು ಸರಿಸಿದರೆ ಅಟ್ಟಕ್ಕೆ ಇಳಿಯಬಹುದು. ಅಟ್ಟಕ್ಕೆ ಸೆನ್ಸರ್ ಹಾಕಿ ಅಂತ ಕೇಳಿದವರು ಬಹಳ ಕಡಿಮೆ. ಒಳಗೆ ಮೂಲೆಯಲ್ಲಿ ಕೂರಿಸುವ ಮೋಷನ್ ಸೆನ್ಸರ್ ಮೈಯ ಬಿಸಿ ಸರಿದಾಡುವುದನ್ನು ಹಿಡಿಯುತ್ತದೆ. ಅಡ್ಡ ಹಾದವರನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ತನ್ನ ಕಡೆಗೇ ಬರುವವರ ವಿಷಯದಲ್ಲಿ ಅಷ್ಟು ಚುರುಕಲ್ಲ. ಕಿಟಕಿ ಗಾಜಿನ ಆಚೆ ನಿಂತವರು ಅದಕ್ಕೆ ಕಾಣುವುದೇ ಇಲ್ಲ. ಆದರೆ ಅದರ ಮುಖದ ಮೇಲೆ ಹಲ್ಲಿ ಹರಿದರೂ ಕೂಗಿಬಿಡುತ್ತದೆ. ಬೆಕ್ಕು ಹಾದರೂ ಅಷ್ಟೇ.

ಮನೆಯೊಳಗೆ ಜನ ಇರುವಾಗ ತೊಂದರೆ ಇನ್ನೂ ಜಾಸ್ತಿ. ಅಪ್ಪ ರಾತ್ರಿ ಎದ್ದು ಬಚ್ಚಲಿಗೆ ಹೋದರೆ ಸೈರನ್. ನಾಲ್ಕು ದಿನ ಹೀಗಾದರೆ ಅಮ್ಮ ಪ್ಲಗ್ ಕಿತ್ತುಹಾಕುತ್ತಾರೆ. ಅದು ಅವರ ತಪ್ಪಲ್ಲ, ಹಾಕಿಕೊಟ್ಟವರು ಅವರ ದಿನಚರಿ ಕೇಳಲಿಲ್ಲ. ಸರ್ವೀಸಿಗೆ ಹೋದಾಗ ಎಷ್ಟೋ ಮನೆಗಳಲ್ಲಿ ಕಂಡದ್ದು ಇದೇ: ಯಂತ್ರ ಚೆನ್ನಾಗಿದೆ, ಆಫ್ ಆಗಿದೆ. ಹಾಗಾಗಿ ಮಲಗುವ ಕೋಣೆ, ನಡುಮನೆ, ಬಚ್ಚಲಿನ ದಾರಿ ಬಿಟ್ಟು ಉಳಿದ ಕಡೆ ಮಾತ್ರ ರಾತ್ರಿ ಆನ್ ಇರುವ ಹಾಗೆ ಬೇರೆ ಝೋನ್ ಮಾಡಿಸಿ. ಹಾಸಿಗೆ ಪಕ್ಕದಲ್ಲಿ ಒಂದು ಪ್ಯಾನಿಕ್ ಬಟನ್ ಇರಲೇಬೇಕು. ಬಿದ್ದಾಗ, ಎದೆ ನೋವು ಬಂದಾಗಲೂ ಅದೇ ಉಪಯೋಗಕ್ಕೆ ಬರುತ್ತದೆ. ಇಡೀ ಸೆಟ್‌ನಲ್ಲಿ ವಯಸ್ಸಾದವರಿಗೆ ಅತಿ ಹೆಚ್ಚು ಬೆಲೆಬಾಳುವುದು ಆ ಒಂದು ಗುಂಡಿ.

ಮಳೆಗಾಲದ ಕರೆಂಟಿನ ವಿಷಯ ನಿಮಗೇ ಗೊತ್ತು. ಹಾಸನ ಜಿಲ್ಲೆಗೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ, ಯಾರದೇ ಲೈನಾದರೂ ಘಟ್ಟದ ಅಂಚಿನಲ್ಲಿ ಮರ ಬಿದ್ದರೆ ದಿನಗಟ್ಟಲೆ ಕತ್ತಲು. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್ ಅವರ್ ಇರುತ್ತದೆ. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), ನಾಲ್ಕು ಕ್ಯಾಮೆರಾ, ರೂಟರ್ ಸೇರಿ 50 ವ್ಯಾಟ್ ಎಳೆದರೆ, ಬ್ಯಾಟರಿ ಹೊಸದಿದ್ದು ಬೇರೇನೂ ಉರಿಯದಿದ್ದರೆ, ಒಂದು ಹಗಲು ಒಂದು ರಾತ್ರಿ ಸಿಗಬಹುದು. ಅದೇ ಇನ್ವರ್ಟರಿನಲ್ಲಿ ಲೈಟು, ಟಿವಿ ಇದ್ದರೆ ಬೇಗ ಮುಗಿಯುತ್ತದೆ. ನಿಮ್ಮ ಬ್ಯಾಟರಿ ಉಳಿದರೂ ಮೊಬೈಲ್ ಟವರ್‌ನ ಬ್ಯಾಟರಿ, ಡೀಸೆಲ್ ಮುಗಿದರೆ ನಿಮಗೆ ಕರೆ ಬರುವುದಿಲ್ಲ. ಕ್ಯಾಮೆರಾ ಆ್ಯಪ್‌ನಲ್ಲಿ ಆಫ್‌ಲೈನ್ ಅಂತ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಅದನ್ನು ನೋಡಿದರೆ ನಿದ್ದೆ ಬರುವುದಿಲ್ಲ, ಆದರೆ ಏನು ನಡೆದಿದೆ ಅಂತಲೂ ತಿಳಿಯುವುದಿಲ್ಲ. ಸಿಮ್ ಹಾಕುವ ಅಲಾರಂ ತೆಗೆದುಕೊಳ್ಳುವಾಗ ಅದು 4ಜಿಯಾ ಅಂತ ಕೇಳಿ. ಅಗ್ಗದ ಕೆಲವು ಬರೀ 2ಜಿ. ಜಿಯೋಗೆ 2ಜಿ ಇಲ್ಲವೇ ಇಲ್ಲ, ಆ ಸಿಮ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಮರೆತರೂ ಅಲಾರಂ ಮೂಕವಾಗುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬೇರೆ. ಕಣದ ತನಕ ಎಳೆದ ಉದ್ದ ಕೇಬಲ್ ಸಿಡಿಲಿನ ಸರ್ಜ್ (ದಿಢೀರ್ ಏರುವ ವೋಲ್ಟೇಜ್) ಅನ್ನು ಒಳಗೆ ತಂದುಬಿಡುತ್ತದೆ, ಡಿವಿಆರ್ ಪೋರ್ಟ್ ಸುಟ್ಟುಹೋಗುತ್ತದೆ. ಅರ್ತಿಂಗ್ ಸರಿ ಮಾಡಿಸದೆ ಕ್ಯಾಮೆರಾ ಹಾಕಿಸಲೇಬೇಡಿ.

ಕ್ಯಾಮೆರಾದಲ್ಲಿ ಮುಖ ಕಾಣುತ್ತೆ ಅಂತ ಎಲ್ಲರೂ ನಂಬಿರುತ್ತಾರೆ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. ಪರಿಚಯವಿಲ್ಲದವರನ್ನು ಖಚಿತವಾಗಿ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅನ್ನುವುದು ಈ ಕೆಲಸದಲ್ಲಿ ಬಳಸುತ್ತ ಬಂದ ಲೆಕ್ಕ. ಸಾಮಾನ್ಯವಾಗಿ ಹಾಕುವ 2.8 ಮಿಲಿಮೀಟರ್ ಲೆನ್ಸಿನಲ್ಲಿ ಅದು ಸಿಗುವುದು ಸುಮಾರು 3 ಮೀಟರ್ ತನಕ, ಅದೂ ಒಳ್ಳೆ ಬೆಳಕಿನಲ್ಲಿ. ಅದರಾಚೆ ಯಾರೋ ಬಂದರು ಅಂತ ತಿಳಿಯುತ್ತದೆ, ಯಾರು ಅಂತ ತಿಳಿಯುವುದಿಲ್ಲ. ರಾತ್ರಿ ಮಂಜು ಕವಿದರೆ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಮಂಜಿಗೇ ತಾಗಿ ವಾಪಸ್ ಬಂದು ಪರದೆಯೆಲ್ಲ ಬೆಳ್ಳಗಾಗುತ್ತದೆ. ಆ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬಂದು ಲೆನ್ಸ್ ಮುಂದೆಯೇ ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಒರೆಸುವವರು ಬೇಕು.

ಡಿವಿಆರ್ ಟಿವಿ ಕೆಳಗೆ ಇಡಬೇಡಿ. ಕಳ್ಳರು ಹೋಗುವಾಗ ಅದನ್ನೂ ಎತ್ತಿಕೊಂಡು ಹೋದರೆ ರೆಕಾರ್ಡಿಂಗೂ ಹೋಯಿತು. ಬೀಗ ಇರುವ, ಗಾಳಿಯಾಡುವ ಕಡೆ ಇಡಿ. ಏನಾದರೂ ನಡೆದರೆ ಬೇಗ ಪೊಲೀಸರಿಗೆ ಹೇಳಿ ಪ್ರತಿ ತೆಗೆಸಿ, ಯಾಕೆಂದರೆ ಡಿಸ್ಕ್ ತುಂಬಿದ ಮೇಲೆ ಹಳೆಯದು ಅಳಿಯುತ್ತದೆ. ಆ ಪ್ರತಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಸರ್ಟಿಫಿಕೇಟ್ ಬೇಕು. ಈ ಕಾಯ್ದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮೊಬೈಲಿನಲ್ಲಿ ಪರದೆ ಚಿತ್ರೀಕರಿಸಿ ವಾಟ್ಸಾಪ್‌ನಲ್ಲಿ ಹಂಚಿದರೆ ಸಾಲದು. ಪಾಸ್‌ವರ್ಡ್ ಕೂಡ ಮೊದಲ ದಿನವೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಜಗತ್ತಿನಾದ್ಯಂತ ಕ್ಯಾಮೆರಾ, ಡಿವಿಆರ್‌ಗಳ ಒಳಗೆ ನುಗ್ಗಿದ್ದು ಕಂಪನಿಯವರು ಇಟ್ಟ ಪಾಸ್‌ವರ್ಡ್ ಯಾರೂ ಬದಲಿಸದಿದ್ದ ಕಾರಣಕ್ಕೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ದುಡ್ಡು ಹಿಂಬಾಗಿಲಿಗೆ ಹಾಕುತ್ತಿದ್ದೆ. ಮುಂಬಾಗಿಲು ತೇಗದ್ದು, ಬಚ್ಚಲ ಕಡೆಯದು ಹಳೇ ಹಲಗೆ ಮತ್ತು ಒಂದು ಚಿಲಕ, ಇದು ನಮ್ಮ ಕಡೆ ಎಲ್ಲಾ ಮನೆಗಳ ಕಥೆ. ಒಳಗಿಂದ ಕಬ್ಬಿಣದ ಪಟ್ಟಿ ಹಾಕಿಸಿ. ಹೆಂಚಿನ ಕೆಳಗೆ ಗ್ರಿಲ್ ಕೂರಿಸಲು ಆಗುತ್ತಾ ನೋಡಿಸಿ. ಏಣಿ, ಹಾರೆ, ಗುದ್ದಲಿ ಕೊಟ್ಟಿಗೆಯಲ್ಲಿ ಸುಮ್ನೆ ಬಿದ್ದಿರಬಾರದು, ಬೀಗದೊಳಗೆ ಇರಲಿ. ಒಡವೆ ಬ್ಯಾಂಕ್ ಲಾಕರಿಗೆ ಹೋಗಲಿ. ಅಲ್ಲೂ ಮಿತಿ ಇದೆ: ಬೆಂಕಿ, ಕಳ್ಳತನವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನ ತನಕ ಮಾತ್ರ. ಆದರೂ ಅಟ್ಟದ ಪೆಟ್ಟಿಗೆಗಿಂತ ವಾಸಿ. ಒಣಗಿದ ಕಾಫಿ, ಮೆಣಸು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡದೆ, ಕಾಫಿ ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿಬಿಡಿ. ಇಷ್ಟಾದ ಮೇಲೆ ಪ್ಯಾನಿಕ್ ಬಟನ್, ಸೈರನ್. ಕ್ಯಾಮೆರಾ ಕೊನೆಗೆ, ಅದೂ ಗೇಟಿಗೊಂದು, ಹಿಂಬಾಗಿಲಿಗೊಂದು ಹತ್ತಿರದಿಂದ ಮುಖ ಹಿಡಿಯುವ ಹಾಗೆ ಇದ್ದರೆ ಸಾಕು.

ಊರಿಗೆ ಹೋದಾಗ ಒಂದು ಸಂಜೆ ಪಕ್ಕದ ತೋಟದವರನ್ನೂ ಲೈನ್ ಮನೆಯವರನ್ನೂ ಕೂರಿಸಿಕೊಂಡು ಮಾತಾಡಿ, ಬೀಟ್ ಪೊಲೀಸರ ನಂಬರು ತೆಗೆದುಕೊಳ್ಳಿ. ಮನೆ ಹೆಂಚಿನದ್ದಾ ಆರ್‌ಸಿಸಿಯಾ, ಲೈನ್ ಮನೆ ಎಷ್ಟು ದೂರ, ಯಾವ ಸಿಮ್‌ಗೆ ಸಿಗ್ನಲ್ ಬರುತ್ತೆ ಅಂತ ಇಲ್ಲೇ ಬರೆಯಿರಿ. ಸೆನ್ಸರ್, ಸೈರನ್ ಎಲ್ಲೆಲ್ಲಿ ಕೂರಿಸಬೇಕು ಅಂತ ಹೇಳುತ್ತೇನೆ.